ಜೋಶಿ ಮಾಸ್ತರರ ಮಗ

ಘೋಟಿ ಎಂಬ ಊರಿನ ಹೆಸರನ್ನು ನಿಮ್ಮಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. ಮುಂಬಯಿಯಿಂದ ನಾಸಿಕದ ಕಡೆ ಬರುವಾಗ ಕಸಾರಾ ಘಾಟ್ ಹತ್ತಿ, ಇಗತಪುರಿ ದಾಟಿದರೆ ಸಿಗುವ ಊರು. ಸುತ್ತ ಭತ್ತದ ಗದ್ದೆ, ಅಕ್ಕಿ ಗಿರಣಿ, ಹೆದ್ದಾರಿಯ ಮೇಲೆ ಒಂದು ಟೋಲ್ ನಾಕಾ, ಒಳಗೆ ಒಂದು ಸಣ್ಣ ರೈಲು ನಿಲ್ದಾಣ. ಆಕಾಶ ತಿಳಿಯಾಗಿದ್ದ ದಿನ ದಕ್ಷಿಣದ ಕಡೆ ಕಳಸೂಬಾಯಿ ಶಿಖರ ಕಾಣುತ್ತದೆ. 1646 ಮೀಟರ್. ಮಹಾರಾಷ್ಟ್ರದಲ್ಲಿ ಅದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ. ಮಳೆಗಾಲದಲ್ಲಿ ಬಂದಿರೋ, ಶಿಖರ ಹಾಗಿರಲಿ, ಎದುರಿಗೆ ಬರುವ ಲಾರಿ ಕಂಡರೆ ನಿಮ್ಮ ಪುಣ್ಯ!

ಈಗ ಸಮೃದ್ಧಿ ಮಹಾಮಾರ್ಗ ಬಂದಿದೆ. 2025ರ ಜೂನ್‌ನಲ್ಲಿ ಇಗತಪುರಿಯಿಂದ ಕೆಳಗಿನ ಕೊನೆಯ ತುಂಡೂ ತೆರೆದ ಮೇಲೆ ಘಾಟಿನ ತಿರುವುಗಳಿಲ್ಲದೆ ಸುರಂಗದಲ್ಲೇ ಇಳಿದುಬಿಡಬಹುದು. ಮುಂಬಯಿಗೆ ಹೋಗುವಾಗ ನನ್ನ ಮಗ ಅದರಲ್ಲೇ ಹೋಗೋಣ ಅನ್ನುತ್ತಾನೆ. ನಾನು ಹಳೇ ರಸ್ತೆಯೇ ಇರಲಿ ಅನ್ನುತ್ತೇನೆ. ಕಾರಣ ಅವನಿಗೂ ಗೊತ್ತು. ಘೋಟಿಯಲ್ಲಿ ಒಂದು ಚಹಾ ಕುಡಿಯದೆ ನನಗೆ ಮುಂದೆ ಹೋಗಲಾಗುವುದಿಲ್ಲ.

ಮೊನ್ನೆ ಹಾಗೇ ನಿಂತಿದ್ದೆವು. ಬೆಳಗಿನ ಏಳು ಗಂಟೆ. ಹೋಟೆಲಿನ ಗಲ್ಲಾದ ಹಿಂದೆ ಭೀಮಸೇನ ಜೋಶಿಯವರ ಅಭಂಗ ಹಚ್ಚಿದ್ದರು. ಮಹಾರಾಷ್ಟ್ರದಲ್ಲಿ ಬೆಳಗಾಗುವುದೇ ಹಾಗೆ ಬಿಡಿ, ಆ ದನಿ ಇಲ್ಲದೆ ಎಷ್ಟೋ ಅಂಗಡಿಗಳ ಕದ ತೆರೆಯುವುದಿಲ್ಲ. ಮಗ ಚಹಾ ಆರಿಸಿಕೊಳ್ಳುತ್ತ ಸುಮ್ಮನೆ ಕೇಳಿದ: "ಅಪ್ಪಾ, ಅಜ್ಜ ಸಿಕ್ಕಿದ್ದು ಈ ಹೋಟೆಲಿನಲ್ಲೇ ಅಲ್ವಾ?"

ಹೌದು, ಇಲ್ಲೇ. ಆದರೆ ಅದನ್ನು ಹೇಳಬೇಕಾದರೆ ತೊಂಬತ್ತಕ್ಕೂ ಹೆಚ್ಚು ವರ್ಷ ಹಿಂದೆ, ಗದುಗಿನ ಒಬ್ಬ ಶಾಲಾ ಮಾಸ್ತರರ ಮನೆಯಿಂದ ಶುರು ಮಾಡಬೇಕು.

ನಮ್ಮದು ಮೂಲತಃ ಗದಗ ಹತ್ತಿರದ ಹಳ್ಳಿ. ಅಪ್ಪ ಹುಟ್ಟಿದ್ದು 1931ರಲ್ಲಿ. ಆಗ ಗದಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಇದನ್ನು ಇವತ್ತಿನ ಹುಡುಗರಿಗೆ ತಿಳಿಸಿ ಹೇಳುವುದು ಕಷ್ಟ. ನಮ್ಮ ಕಡೆಯವರಿಗೆ ಆಗ ಮುಂಬಯಿ, ಪುಣೆ ಅಂದರೆ ಪರರಾಜ್ಯವಲ್ಲ, ತಮ್ಮದೇ ಪ್ರಾಂತದ ದೊಡ್ಡ ಊರುಗಳು. ಓದಬೇಕೋ, ನೌಕರಿ ಬೇಕೋ, ಹಾಡಬೇಕೋ, ನಾಟಕ ಕಂಪನಿ ಸೇರಬೇಕೋ, ರೈಲು ಹತ್ತುವುದು ಉತ್ತರಕ್ಕೇ. ಅಪ್ಪನೂ 1955ರಲ್ಲಿ ಮುಂಬಯಿಗೆ ಬಂದು ಸೆಂಟ್ರಲ್ ರೈಲ್ವೆ ಸೇರಿದ. ಮರುವರ್ಷ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1960ರ ಮೇ 1ಕ್ಕೆ ಮಹಾರಾಷ್ಟ್ರ ಹುಟ್ಟಿತು. "ನಾ ಎಲ್ಲೂ ಹೋಗಿಲ್ಲಪಾ, ನಾ ಕುಂತಲ್ಲೇ ಪರದೇಶಿ ಆದೆ" ಅಂತ ಅಪ್ಪ ನಗುತ್ತಿದ್ದ.

1968ರಲ್ಲಿ ಅಪ್ಪನಿಗೆ ಘೋಟಿ ಸ್ಟೇಷನ್ನಿಗೆ ಅಸಿಸ್ಟೆಂಟ್ ಸ್ಟೇಷನ್ ಮಾಸ್ತರ್ ಅಂತ ವರ್ಗವಾಯಿತು. ನನಗೆ ಆಗ ಏಳು ವರ್ಷ. ಅವ್ವ ಆ ಊರು ನೋಡಿ ಅತ್ತೇಬಿಟ್ಟಳಂತೆ. ಜೋಳದ ಸೀಮೆಯವಳು. ಇಲ್ಲಿ ನೋಡಿದರೆ ಅಕ್ಕಿ ಬಿಟ್ಟರೆ ನಾಗಲಿ, ಅಂದರೆ ನಮ್ಮ ರಾಗಿ. ರೊಟ್ಟಿಗೆ ಜೋಳ ಬೇಕಾದರೆ ನಾಸಿಕದಿಂದ ತರಿಸಬೇಕು. ಜೂನ್‌ನಲ್ಲಿ ಹಿಡಿದ ಮಳೆ ಸಪ್ಟೆಂಬರ್ ತನಕ ಬಿಡದು, ಒಗೆದ ಬಟ್ಟೆ ವಾರವಾದರೂ ಒಣಗದು. ಮಾತಾಡಲು ಕನ್ನಡದವರು ಒಂದು ಪಿಳ್ಳೆಯೂ ಇಲ್ಲ.

ಒಂದು ರೇಡಿಯೋ ಮಾತ್ರ ಇತ್ತು. ರಾತ್ರಿ ಒಂಬತ್ತರ ಮೇಲೆ ಅದರ ಮುಳ್ಳು ತಿರುಗಿಸಿ ತಿರುಗಿಸಿ, ಗರಗರ ಸದ್ದಿನ ನಡುವೆ ಅಪ್ಪ ಧಾರವಾಡ ಕೇಂದ್ರವನ್ನು ಹಿಡಿಯುತ್ತಿದ್ದ. ಕೆಲವು ರಾತ್ರಿ ಸಿಗುತ್ತಿತ್ತು, ಕೆಲವು ರಾತ್ರಿ ಇಲ್ಲ. ಸಿಕ್ಕ ರಾತ್ರಿ ಭೀಮಸೇನರ ದಾಸರ ಪದ ಬಂತೋ, ಅವ್ವ ಪಾತ್ರೆ ತೊಳೆಯುವುದನ್ನು ಬಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಘೋಟಿಯ ಆ ಕ್ವಾರ್ಟರ್ಸ್ ನಮಗೆ ಮನೆ ಅನ್ನಿಸಿದ್ದು ಅಂಥ ರಾತ್ರಿಗಳಲ್ಲಿ.

ಹಾಡು ಮುಗಿದ ಮೇಲೆ ಅಪ್ಪನ ಕತೆ ಶುರು. "ಜೋಶಿ ಮಾಸ್ತರ್ ಮಗನ ಕತಿ" ಅಂತಲೇ ಅದಕ್ಕೆ ಹೆಸರು. ಪಂಡಿತಜಿ, ಭೀಮಸೇನರು ಅಂತೆಲ್ಲ ಅಪ್ಪನ ಬಾಯಲ್ಲಿ ಬರುತ್ತಿರಲಿಲ್ಲ. ತನಗಿಂತ ಒಂಬತ್ತು ವರ್ಷ ದೊಡ್ಡವರಾದರೂ "ನಮ್ಮೂರ ಹುಡುಗ" ಅನ್ನುತ್ತಿದ್ದ!

ಕತೆ ನಿಮಗೂ ಗೊತ್ತಿರಬಹುದು. ಭೀಮಸೇನರು ಹುಟ್ಟಿದ್ದು 1922ರ ಫೆಬ್ರವರಿ 4ರಂದು. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ತಾಯಿಯ ಹೆಸರು ಗೋದಾವರಿ. ಹದಿನಾರು ಮಕ್ಕಳ ಆ ಮನೆಯಲ್ಲಿ ಇವರೇ ಹಿರಿಯರು. ಚಿಕ್ಕಂದಿನಲ್ಲಿ ಬೀದಿಯಲ್ಲಿ ಭಜನೆಯೋ, ಬ್ಯಾಂಡಿನ ಮೆರವಣಿಗೆಯೋ ಹೋಯಿತೆಂದರೆ ಹುಡುಗ ಅದರ ಹಿಂದೆ. ನಡೆದು ನಡೆದು ಸುಸ್ತಾಗಿ ಎಲ್ಲೋ ಒಂದು ಕಟ್ಟೆಯ ಮೇಲೆ ಮಲಗಿಬಿಡುವುದು. ಮನೆಯವರು ಊರೆಲ್ಲ ಹುಡುಕುವುದು, ಪೊಲೀಸರ ತನಕ ಹೋಗುವುದು. ಕಡೆಗೆ ಮಾಸ್ತರರು ಬೇಸತ್ತು ಒಂದು ಉಪಾಯ ಮಾಡಿದರು. ಮಗನ ಅಂಗಿಗಳ ಮೇಲೆ "ಜೋಶಿ ಮಾಸ್ತರರ ಮಗ" ಎಂದು ಬರೆದರು. ಆಮೇಲೆ ಹುಡುಕುವ ಕೆಲಸವೇ ಇಲ್ಲ. ಎಲ್ಲಿ ಮಲಗಿದ್ದರೂ ಓದಿದ ಪುಣ್ಯಾತ್ಮರು ಎತ್ತಿಕೊಂಡು ಬಂದು ಮನೆಗೆ ಮುಟ್ಟಿಸುತ್ತಿದ್ದರು.

ಈ ಭಾಗ ಬಂದಾಗ ಅಪ್ಪ ನನ್ನ ಬೆನ್ನ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಿದ್ದ. ಕಚಗುಳಿಯಾಗಿ ನಾನು ಓಡುತ್ತಿದ್ದೆ.

ಮುಂದಿನದು ದೊಡ್ಡ ಕತೆ. ಕುರ್ತಕೋಟಿಯ ಚನ್ನಪ್ಪನವರ ಹತ್ತಿರ ಮೊದಲ ಪಾಠ. ಆಮೇಲೆ ಎಲ್ಲೋ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕಿವಿಗೆ ಬಿತ್ತು. ಹೀಗೆ ಹಾಡಬೇಕು, ಇಲ್ಲದಿದ್ದರೆ ಬದುಕೇ ಬೇಡ ಅನ್ನಿಸಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗ ಮನೆ ಬಿಟ್ಟ. ಊಟದಲ್ಲಿ ತುಪ್ಪ ಸಾಲದ್ದಕ್ಕೆ ಸಿಟ್ಟಾಗಿ ಹೋದ ಅಂತ ಒಂದು ಮಾತು ಎಲ್ಲರ ಬಾಯಲ್ಲೂ ಇದೆ. ತುಪ್ಪ ಒಂದು ನೆಪ ಇದ್ದೀತು. ಕೈಯಲ್ಲಿ ದುಡ್ಡಿಲ್ಲ. ರೈಲಿನಲ್ಲಿ ಹಾಡುತ್ತ, ಸಹಪ್ರಯಾಣಿಕರು ಕೊಟ್ಟದ್ದರಲ್ಲಿ ಗ್ವಾಲಿಯರ್ ಮುಟ್ಟಿದ. ಅಲ್ಲಿ ಸರೋದಿನ ಹಾಫಿಜ್ ಅಲಿ ಖಾನರ ಸಹಾಯದಿಂದ ಮಾಧವ ಸಂಗೀತ ವಿದ್ಯಾಲಯದಲ್ಲಿ ಜಾಗ ಸಿಕ್ಕಿತು. ಅಲ್ಲೂ ನಿಲ್ಲದೆ ದಿಲ್ಲಿ, ಕಲಕತ್ತಾ, ಲಖನೌ, ರಾಮಪುರ ಅಂತ ಮೂರು ವರ್ಷ ಅಲೆದ. ಒಬ್ಬ ಸರಿಯಾದ ಗುರು ಬೇಕು, ಅಷ್ಟೇ.

"ಟಿಕೀಟಿಲ್ಲದ ಹುಡುಗನ ಹಾಡು ಕೇಳಿ ಬಿಟ್ಟ ಟಿ.ಸಿ.ಗೂ ಒಂದು ಪದ್ಮಶ್ರೀ ಕೊಡಬೇಕಿತ್ತು ನೋಡು" ಅಂತ ಅಪ್ಪ ಪ್ರತಿ ಸಲ ಹೇಳುತ್ತಿದ್ದ. ರೈಲ್ವೆ ಮನುಷ್ಯ, ರೈಲ್ವೆ ಬುದ್ಧಿ. 1972ರಲ್ಲಿ ಭೀಮಸೇನರಿಗೆ ಪದ್ಮಶ್ರೀ ಬಂದ ಮೇಲೆ ಸೇರಿಸಿಕೊಂಡ ಸಾಲು ಇದು.

ಇಂಥ ಒಂದು ರಾತ್ರಿ ಅವ್ವ ಹೊಸ್ತಿಲ ಮೇಲಿಂದ ಒಂದು ಮಾತು ಅಂದಳು. ನಾನು ಅದನ್ನು ಮರೆತಿಲ್ಲ. "ಓಡಿ ಹೋದವನ ಕತಿ ದಿನಾ ಹೇಳ್ತೀರಿ. ಹುಡುಕಿದವನ ಕತಿ ಯಾರು ಹೇಳಬೇಕು? ಮೂರು ವರ್ಷ ಆ ಮನ್ಯಾಗ ತುತ್ತು ಹೆಂಗ ಇಳದಿರಬೇಕು?"

ಅಪ್ಪ ಸುಮ್ಮನಾದ. ಅವನಲ್ಲಿ ಉತ್ತರ ಇರಲಿಲ್ಲ. ಯಾಕೆಂದರೆ ಕತೆಯಲ್ಲಿ ಆ ಭಾಗಕ್ಕೆ ಇರುವುದು ಒಂದೇ ಸಾಲು: ಕೊನೆಗೆ ತಂದೆಗೆ ಮಗ ಜಾಲಂಧರದಲ್ಲಿ ಸಿಕ್ಕ, ಮನೆಗೆ ಕರೆತಂದರು. ಅಷ್ಟೇ. ಗದಗದಿಂದ ಜಾಲಂಧರ ಎಷ್ಟು ದೂರ, ಫೋನಿಲ್ಲದ ಕಾಲದಲ್ಲಿ, ಶಾಲಾ ಮಾಸ್ತರರ ಸಂಬಳದಲ್ಲಿ, ಆ ಮನುಷ್ಯ ಎಲ್ಲೆಲ್ಲಿ ಕೇಳಿದರು, ಯಾರ್ಯಾರ ಕೈಕಾಲು ಹಿಡಿದರು... ಯಾರೂ ಬರೆಯುವುದಿಲ್ಲ. ಸಂಗೀತದ ಚರಿತ್ರೆ ಅಂದರೆ ನಮಗೆ ಘರಾಣೆ, ಗುರು, ರಾಗ, ಪ್ರಶಸ್ತಿ.

ಆದರೆ ನೋಡಿ, ಆ ತಂದೆ ಕರೆತಂದದ್ದರಿಂದಲೇ ಮುಂದಿನದೆಲ್ಲ ಆಯಿತು. ದೇಶವೆಲ್ಲ ಹುಡುಕಿದ ಗುರು ಇದ್ದದ್ದು ಗದಗದ ಪಕ್ಕದ ಕುಂದಗೋಳದಲ್ಲಿ! ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರ. ಉತ್ತರದ ಕೈರಾನಾದಿಂದ ಬಂದು ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಖಾಸಾ ಶಿಷ್ಯರು, ಮರಾಠಿ ಸಂಗೀತ ನಾಟಕಗಳಲ್ಲಿ ಹೆಸರು ಮಾಡಿದವರು. 1936ರಲ್ಲಿ ಅವರು ಈ ಹುಡುಗನನ್ನು ಒಪ್ಪಿಕೊಂಡರು. ಗುರುವಿನ ಮನೆಯಲ್ಲಿ ನೀರು ಹೊತ್ತು, ಹೇಳಿದ ಕೆಲಸ ಮಾಡಿ, ನಾಲ್ಕು ವರ್ಷ ಕಲಿತರು. ಅದೇ ಮನೆಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಗಂಗೂಬಾಯಿ ಹಾನಗಲ್ಲರೂ ಪಾಠಕ್ಕೆ ಬರುತ್ತಿದ್ದರು. 1941ರಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ಮೊದಲ ಕಚೇರಿ. ಮರುವರ್ಷ ಎಚ್.ಎಂ.ವಿ.ಯಿಂದ ಮೊದಲ ರೆಕಾರ್ಡು. ಅದರಲ್ಲಿ ಇದ್ದದ್ದು ಕನ್ನಡ, ಹಿಂದಿ ಭಕ್ತಿಗೀತೆಗಳು. 1943ಕ್ಕೆ ಮುಂಬಯಿ ರೇಡಿಯೋ. ಆಮೇಲೆ ಪುಣೆ. 1952ರಲ್ಲಿ ಗುರುಗಳು ತೀರಿಕೊಂಡರು. ಮರುವರ್ಷದಿಂದ ಪುಣೆಯಲ್ಲಿ ಅವರ ಹೆಸರಿನ ಸಂಗೀತ ಮಹೋತ್ಸವ ಶುರುವಾಯಿತು, ಭೀಮಸೇನರು ಅದನ್ನು ಐವತ್ತು ವರ್ಷ ಹೆಗಲ ಮೇಲೆ ಹೊತ್ತರು. ಊರೂರು ತಿರುಗಿದ ಆ ಹುಡುಗ ಕೊನೆಗೆ ವಿಮಾನದಲ್ಲಿ ಎಷ್ಟು ತಿರುಗಿದರೆಂದರೆ, ಸವಾಯಿ ಗಂಧರ್ವರ ಈ ಶಿಷ್ಯನನ್ನು ಪು.ಲ. ದೇಶಪಾಂಡೆ "ಹವಾಯಿ ಗಂಧರ್ವ" ಅಂತ ಚೇಷ್ಟೆ ಮಾಡಿದ್ದರಂತೆ.

ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ಪಾಯಿಂಟ್ಸ್‌ಮನ್ ಕಾಕಾ ಇದ್ದರು. ವಾರಕರಿ, ಕೊರಳಲ್ಲಿ ತುಳಸಿ ಮಾಲೆ. ಆಷಾಢ ಬಂತೆಂದರೆ ರಜೆ ಹಾಕಿ ತ್ರ್ಯಂಬಕದಿಂದ ನಿವೃತ್ತಿನಾಥರ ಪಾಲಕಿಯ ಜೊತೆ ಪಂಢರಪುರಕ್ಕೆ ನಡೆಯುತ್ತಿದ್ದರು. 1970ರ ದಶಕದಲ್ಲಿ ಭೀಮಸೇನರ ಸಂತವಾಣಿ, ಅಂದರೆ ನಾಮದೇವ ತುಕಾರಾಮರ ಅಭಂಗಗಳ ಕಚೇರಿ, ಮಹಾರಾಷ್ಟ್ರದ ಮನೆಮನೆಗೂ ಮುಟ್ಟಿತು. ಕಾಕಾನ ಮನೆಗೂ ಒಂದು ಟ್ರಾನ್ಸಿಸ್ಟರ್ ಬಂತು. ಅಲ್ಲಿಂದ ಜಗಳ ಶುರು.

ಕಾಕಾ ಅನ್ನುವುದು, "ಪಂಡಿತಜಿ ಆಮಚೇ!" ಅಪ್ಪ ಅನ್ನುವುದು, "ಅಂವ ನಮ್ಮ ಗದಗದಂವ, ಮನ್ಯಾಗ ಕನ್ನಡ ಮಾತಾಡ್ತಾನ. ನಮ್ಮ 'ಸಂಧ್ಯಾರಾಗ' ಸಿನಿಮಾಕ್ಕೂ ಹಾಡ್ಯಾನ." ಅ.ನ.ಕೃ. ಕಾದಂಬರಿಯ ಆ ಸಿನಿಮಾ ಬಂದದ್ದು 1966ರಲ್ಲಿ. ಕಾಕಾಗೆ ಅದು ಹೇಗೆ ಗೊತ್ತಿರಬೇಕು ಪಾಪ. ಜಗಳ ಬೆಳೆದು ವಿಠ್ಠಲನ ತನಕ ಹೋಗುತ್ತಿತ್ತು. ಪುರಂದರದಾಸರ ಅಂಕಿತದಲ್ಲೇ ವಿಠ್ಠಲ ಇದ್ದಾನೆ, ದೇವರೂ ನಮ್ಮವನೇ ಅಂತ ಅಪ್ಪ. ಕಾಕಾ ಪ್ರಾಮಾಣಿಕ ಮನುಷ್ಯ. ಜ್ಞಾನೇಶ್ವರ ಮಹಾರಾಜರೇ ಒಂದು ಅಭಂಗದಲ್ಲಿ ವಿಠ್ಠಲನನ್ನು ಕನ್ನಡಿಗ ಅಂತ ಕರೆದಿದ್ದಾರೆ, ಅದನ್ನು ಒಪ್ಪುತ್ತೇನೆ ಅಂದರು. "ದೇವರು ನಿಮ್ಮವನೇ ಇರಲಿ ಮಾಸ್ತರಸಾಹೇಬ್, ಹಾಡುವವರು ಮಾತ್ರ ನಮ್ಮವರು!"

ಈಗ ನೆನೆದರೆ ನಗು ಬರುತ್ತದೆ. ಆದರೆ ಅದು ನಗುವ ಕಾಲವಾಗಿರಲಿಲ್ಲ. ಗಡಿ ವಿಷಯದ ಮಹಾಜನ ಆಯೋಗದ ವರದಿ 1967ರಲ್ಲಿ ಬಂದಿತ್ತು. ಬೆಳಗಾವಿ ಯಾರದು ಅಂತ ಎರಡೂ ಕಡೆ ಪೇಪರುಗಳಲ್ಲಿ ಬೆಂಕಿ ಹತ್ತಿತ್ತು. ಶಾಲೆಯಲ್ಲಿ ಹುಡುಗರು ನನ್ನನ್ನು "ಕಾನಡೀ" ಅಂತ ಕಾಡಿಸುತ್ತಿದ್ದರು. ನಮ್ಮ ಅಂಗಳದಲ್ಲಿ ಮಾತ್ರ ಕನ್ನಡ ಮರಾಠಿ ಜಗಳ ಅಂದರೆ ಭೀಮಸೇನ ಯಾರವರು ಎಂಬುದಷ್ಟೇ. ಜಗಳ ಮುಗಿದ ಮೇಲೆ ಕಾಕು ಮಾಡಿದ ಚಹಾ. ಒಬ್ಬನೇ ಗಾಯಕ ಎರಡು ಭಾಷೆಯವರಿಗೂ ತಮ್ಮವನು ಅನ್ನಿಸಿದ ಎಂದು ನಾವು ಸಲೀಸಾಗಿ ಬರೆಯುತ್ತೇವೆ. ಅದು ಸುಮ್ಮನೆ ಆದದ್ದಲ್ಲ. ಮಿರಜ, ಕುಂದಗೋಳ, ಹುಬ್ಬಳ್ಳಿ, ಪುಣೆಗಳ ನಡುವೆ ಐವತ್ತು ಅರವತ್ತು ವರ್ಷ ಉಸ್ತಾದರು, ನಾಟಕ ಕಂಪನಿಗಳು, ಶಿಷ್ಯರು ರೈಲಿನಲ್ಲಿ ಓಡಾಡಿ ಓಡಾಡಿ ಮಾಡಿದ ದಾರಿ ಅದು. ಗಡಿ ಆಮೇಲೆ ಬಂತು.

1975ರ ಡಿಸೆಂಬರಿನಲ್ಲಿ ಅಪ್ಪ ನನ್ನನ್ನು ಪುಣೆಯ ಸವಾಯಿ ಗಂಧರ್ವ ಮಹೋತ್ಸವಕ್ಕೆ ಕರೆದುಕೊಂಡು ಹೋದ. ರೈಲ್ವೆ ಪಾಸು, ಎರಡು ಕಂಬಳಿ, ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಆಗೆಲ್ಲ ರಾತ್ರಿಯಿಡೀ ಹಾಡು. ಸಾವಿರಾರು ಜನ ಚಳಿಯಲ್ಲಿ ನೆಲದ ಮೇಲೆ ಕೂತು, ಕೆಲವರು ಮಲಗಿ, ಮತ್ತೆ ಎದ್ದು ಕೇಳುತ್ತಿದ್ದರು. ಹದಿನಾಲ್ಕರ ಹುಡುಗ ನಾನು, ನಡುರಾತ್ರಿಗೆ ನಿದ್ದೆ ಹೋದೆ. ಕೊನೆಯ ಬೆಳಗು ಭೀಮಸೇನರದ್ದು. ಅಪ್ಪ ಎಬ್ಬಿಸಿದಾಗ ಇನ್ನೂ ಕತ್ತಲಿತ್ತು, ಷಡ್ಜ ಹಚ್ಚಿದ್ದರು. ರಾಗ ಯಾವುದು ಅಂತ ಆಗ ನನಗೆ ತಿಳಿಯುತ್ತಿರಲಿಲ್ಲ. ಆ ಮನುಷ್ಯ ದನಿಯನ್ನು ಕೈಯಿಂದ ಎಲ್ಲಿಂದಲೋ ಎಳೆದು ತರುವ ಹಾಗೆ, ಮೈಯೆಲ್ಲ ಹಿಂಡಿ ಹಾಡುತ್ತಿದ್ದದ್ದು ನೆನಪಿದೆ. ಮುಗಿಯುವ ಹೊತ್ತಿಗೆ ಬಿಸಿಲು ಬಿದ್ದಿತ್ತು. ಜನ ಮುಂದೆ ಹೋಗಿ ಕಾಲಿಗೆ ಬೀಳುತ್ತಿದ್ದರು. "ಅಪ್ಪಾ, ನಾವೂ ಹೋಗೋಣು, ಗದಗದವರು ಅಂತ ಹೇಳೋಣು" ಅಂದೆ. ಅಪ್ಪ ಹೋಗಲಿಲ್ಲ. ದೂರದಿಂದಲೇ ಕೈ ಮುಗಿದು, "ಬ್ಯಾಡ, ದಣದಾನ" ಅಂದ. ದಣಿದಿದ್ದಾನೆ! ಮನೆ ಹುಡುಗನ ಬಗ್ಗೆ ಹೇಳುವ ಹಾಗೆ.

1977ಕ್ಕೆ ನಾವು ನಾಸಿಕ ರೋಡಿಗೆ ಬಂದೆವು, ಇಲ್ಲೇ ಉಳಿದೆವು. 1989ರಲ್ಲಿ ಅಪ್ಪ ನಿವೃತ್ತನಾದ. ಮನೆಗೆ ಟೇಪ್ ರೆಕಾರ್ಡರ್ ಬಂತು. ಕ್ಯಾಸೆಟ್ಟಿನ ಒಂದು ಮಗ್ಗುಲು ದಾಸವಾಣಿ, ಇನ್ನೊಂದು ಮಗ್ಗುಲು ಅಭಂಗ ನಾನೇ ತುಂಬಿಸಿ ಕೊಟ್ಟಿದ್ದೆ. 2004ರಲ್ಲಿ ಅವ್ವ ಹೋದಳು. ಅದಾದ ಒಂದೆರಡು ವರ್ಷಕ್ಕೆ ಅಪ್ಪ ಮರೆಯತೊಡಗಿದ. ಮೊದಲು ಕನ್ನಡಕ, ಆಮೇಲೆ ದಿನ, ಆಮೇಲೆ ಓಣಿ. ಕೊತ್ತಂಬರಿ ತರಲು ಹೋದವನು ಎರಡು ಓಣಿ ಆಚೆ ಯಾರದೋ ಗೇಟಿನ ಮುಂದೆ ನಿಂತಿದ್ದ. ವೈದ್ಯರು ಕಾಯಿಲೆಯ ಹೆಸರು ಹೇಳಿದರು. ಹೆಸರು ಗೊತ್ತಾದರೆ ಏನು ಬಂತು.

2008ರ ನವೆಂಬರಿನಲ್ಲಿ ಭೀಮಸೇನರಿಗೆ ಭಾರತರತ್ನ ಘೋಷಣೆಯಾಯಿತು. ಪೇಪರು ಹಿಡಿದು ಅಪ್ಪನಿಗೆ ಓದಿ ಹೇಳಿದೆ. "ಛಲೋ ಆತು" ಅಂದ. ಯಾರಿಗೆ, ಏನು ಅಂತ ತಿಳಿಯಿತೋ ಇಲ್ಲವೋ. ಆ ದಿನವೇ ನನ್ನ ಹೆಂಡತಿ ಹೇಳಿದಳು, "ಮಾವನವರ ಅಂಗಿ ಮೇಲೆ ಫೋನ್ ನಂಬರ್ ಬರೆದಿಡಿ. ನೀವೇ ಹೇಳ್ತೀರಲ್ಲ, ಜೋಶಿ ಮಾಸ್ತರರು ಬರೆದಿದ್ದರು ಅಂತ."

ಬರೆದೆ. ಆದರೆ ಹೇಗೆ ಬರೆದೆ ಅನ್ನುವುದನ್ನು ಇವತ್ತು ಹೇಳಬೇಕು. ಅಂಗಿಯ ಒಳಗೆ, ಗುಂಡಿಪಟ್ಟಿಯ ಹಿಂದೆ, ಯಾರಿಗೂ ಕಾಣದ ಹಾಗೆ ಬರೆದೆ. ಮೂವತ್ತನಾಲ್ಕು ವರ್ಷ ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ ತೊಟ್ಟ ಮನುಷ್ಯನ ಎದೆಯ ಮೇಲೆ ವಿಳಾಸ ಬರೆಯಲು ನನಗೆ ಕೈ ಬರಲಿಲ್ಲ. ಅಪ್ಪನಿಗೆ ಅವಮಾನವಾದೀತು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಾಚಿಕೆ ನನ್ನದಾಗಿತ್ತು. ಓಣಿಯವರು ಏನಂದಾರು ಅಂತ.

2009ರ ಜುಲೈ. ಆ ತಿಂಗಳ 21ರಂದು ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ತೀರಿಕೊಂಡಿದ್ದರು. ಅದೇ ವಾರ ಒಂದು ಬೆಳಗ್ಗೆ, ನಾವೆಲ್ಲ ಏಳುವ ಮುಂಚೆ, ಅಪ್ಪ ಕದ ತೆಗೆದು ಹೋಗಿದ್ದ. ಧೋ ಅಂತ ಮಳೆ. ಓಣಿ ಹುಡುಕಿದೆವು, ಮಂಡಿ ಹುಡುಕಿದೆವು, ನಾಸಿಕ ರೋಡ್ ಸ್ಟೇಷನ್ನಿನ ಎಲ್ಲ ಪ್ಲಾಟ್‌ಫಾರ್ಮ್ ಹುಡುಕಿದೆವು. ಪೊಲೀಸರಿಗೆ ಫೋಟೋ ಕೊಟ್ಟೆವು. ಸಂಜೆಗೆ ಯಾರೋ ಅಂದರು, ರಾಮಕುಂಡದ ಕಡೆ ಒಮ್ಮೆ ನೋಡಿ ಬನ್ನಿ. ಅವರು ಯಾಕೆ ಹಾಗಂದರು ಅಂತ ತಿಳಿದು ನನ್ನ ಕಾಲು ನಡುಗಿದವು. ಗೋದಾವರಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮೆಟ್ಟಿಲು ಮೆಟ್ಟಿಲು ನೋಡುತ್ತ ನಡೆದೆ. ಅವ್ವನ ಮಾತು ಕಿವಿಯಲ್ಲಿ. ತುತ್ತು ಹೆಂಗ ಇಳದಿರಬೇಕು? ನನಗೆ ಇಪ್ಪತ್ತನಾಲ್ಕು ಗಂಟೆಗೇ ಹೀಗೆ. ಮಾಸ್ತರರಿಗೆ ಮೂರು ವರ್ಷ.

ಮರುದಿನ ಬೆಳಗ್ಗೆ ಏಳೂಕಾಲಿಗೆ ಫೋನು ಬಂತು. ಗುರುತಿಲ್ಲದ ನಂಬರು, ಶುದ್ಧ ಕನ್ನಡ. "ನಾನು ಘೋಟಿಯಿಂದ ಮಾತಾಡ್ತಿದ್ದೇನೆ, ಹೈವೇ ಮೇಲೆ ನಮ್ಮ ಹೋಟೆಲು. ಒಬ್ಬರು ಹಿರಿಯರು ಇಲ್ಲಿದ್ದಾರೆ. ನಿಮ್ಮವರಾ? ಗಾಬರಿ ಮಾಡ್ಬೇಡಿ, ಚಾ ಕುಡೀತಾ ಇದ್ದಾರೆ."

ನಾಸಿಕದಿಂದ ಘೋಟಿ ಸುಮಾರು 40 ಕಿಲೋಮೀಟರ್. ಎಸ್.ಟಿ. ಬಸ್ಸು ಹತ್ತಿ ಹೋಗಿದ್ದಿರಬೇಕು. ಹಿಂದಿನ ದಿನವೆಲ್ಲ, ರಾತ್ರಿಯೆಲ್ಲ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದನಂತೆ, ಡ್ಯೂಟಿಗೆ ಬಂದವರ ಹಾಗೆ. ನೋಡಿದವರು ಯಾರೋ ಗಾಡಿಗೆ ಕಾದಿದ್ದಾರೆ ಅಂದುಕೊಂಡರು. ಅವರ ತಪ್ಪೇನಿದೆ? ಅಂಗಿಯ ಮೇಲೆ ಏನೂ ಬರೆದಿರಲಿಲ್ಲವಲ್ಲ. ಬೆಳಗ್ಗೆ ನೆನೆದುಕೊಂಡೇ ಹೆದ್ದಾರಿಗೆ ಬಂದು ಹೋಟೆಲು ಹೊಕ್ಕು, "ಒಂದು ಚಾ ಕೊಡ್ರಿ" ಅಂತ ಕನ್ನಡದಲ್ಲಿ ಕೇಳಿದ್ದಾನೆ. ಹೋಟೆಲಿನವರು ಕುಂದಾಪುರದ ಕಡೆಯವರು. ಮುಂಬಯಿಯಿಂದ ನಾಸಿಕದ ತನಕ ಈ ಹೆದ್ದಾರಿಯಲ್ಲಿ ನಮ್ಮ ಕರಾವಳಿಯವರ ಹೋಟೆಲುಗಳಿಗೆ ಕಡಿಮೆ ಏನಿಲ್ಲ. ಕನ್ನಡ ಕೇಳಿ ಹತ್ತಿರ ಬಂದಿದ್ದಾರೆ. ಹಿರಿಯರು ಚಳಿಗೆ ನಡುಗುತ್ತಿರುವುದು ಕಂಡು, ಹಸಿ ಅಂಗಿ ಬಿಚ್ಚಿಸಿ ತಮ್ಮದೊಂದು ಒಣ ಅಂಗಿ ತೊಡಿಸಿದ್ದಾರೆ. ಬಿಚ್ಚಿದಾಗಲೇ ಒಳಗಿನ ಬರಹ ಕಂಡದ್ದು.

ನಾನು ಬಚ್ಚಿಟ್ಟಿದ್ದನ್ನು ಓದಬೇಕಾದರೆ ಒಬ್ಬ ಅಪರಿಚಿತ ಮೊದಲು ಅಪ್ಪನಿಗೆ ಒಣ ಅಂಗಿ ಕೊಡಬೇಕಾಯಿತು.

ನಾವು ಹೋದಾಗ ಅಪ್ಪ ದೊಗಳೆ ಅಂಗಿಯಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದ. ನನ್ನನ್ನು ನೋಡಿ, "ಗಾಡಿ ಲೇಟ್ ಆತೇನು?" ಅಂದ. ಹೋಟೆಲಿನವರು ದುಡ್ಡು ತೆಗೆದುಕೊಳ್ಳಲಿಲ್ಲ. ಮನೆಗೆ ಬಂದವನೇ ಅಪ್ಪನ ಎಲ್ಲ ಅಂಗಿಗಳನ್ನು ಹೊರಗೆ ತೆಗೆದೆ. ಎದೆಯ ಜೇಬಿನ ಮೇಲೆ, ತೊಳೆದರೂ ಹೋಗದ ಪೆನ್ನಿನಿಂದ, ದೊಡ್ಡ ಅಕ್ಷರದಲ್ಲಿ, ಮೇಲೆ ಮರಾಠಿ, ಕೆಳಗೆ ಕನ್ನಡ: ನನ್ನ ಹೆಸರು, "ಇವರ ತಂದೆ", ನಂಬರು. ಓಣಿಯವರು ಏನೂ ಅನ್ನಲಿಲ್ಲ. ಅನ್ನುವುದಿರಲಿ, ಆಮೇಲೆ ನಾಲ್ಕು ಸಲ ಅವರೇ ಅಪ್ಪನ ಕೈ ಹಿಡಿದು ಮನೆಗೆ ಮುಟ್ಟಿಸಿದರು.

ಗದುಗಿನ ಆ ಮಾಸ್ತರರು ನನಗಿಂತ ಬುದ್ಧಿವಂತರು. ಮಗನಿಗೆ ಮನೆಯ ದಾರಿ ನೆನಪಿರಬೇಕು ಅಂತ ಹಟ ಹಿಡಿಯಲಿಲ್ಲ. ಊರನ್ನು ನಂಬಿದರು, ಓದಿದವರು ಕರೆತಂದಾರು ಅಂತ. ಭೀಮಸೇನರ ಬದುಕನ್ನು ಹಾಗೆ ನೋಡಿದರೆ ಅದೆಲ್ಲ ಅಂಗಿ ಓದಿದವರ ಸಾಲೇ. ಕಟ್ಟೆಯಿಂದ ಎತ್ತಿ ತಂದ ಗದುಗಿನವರು, ರೈಲಿನಲ್ಲಿ ದುಡ್ಡು ಕೊಟ್ಟವರು, ಜಾಗ ಕೊಡಿಸಿದ ಹಾಫಿಜ್ ಅಲಿ ಖಾನರು, ಜಾಲಂಧರದ ತನಕ ಹೋದ ತಂದೆ, ಬಾಗಿಲು ತೆರೆದ ಕುಂದಗೋಳದ ಗುರು. ಅವ್ವ ಕೇಳಿದ ಕತೆ ಇದೇ ಇರಬೇಕು.

2011ರ ಜನವರಿ 24, ಸೋಮವಾರ. ಪುಣೆಯಲ್ಲಿ ಭೀಮಸೇನರು ತೀರಿಕೊಂಡ ಸುದ್ದಿ ಟಿ.ವಿ.ಯಲ್ಲಿ ಬಂತು. ಎಂಬತ್ತೆಂಟು ವರ್ಷ. ಎಲ್ಲ ಚಾನೆಲ್ಲುಗಳಲ್ಲೂ ಅವರದೇ ಹಾಡು. 1988ರಲ್ಲಿ ದೂರದರ್ಶನದಲ್ಲಿ ದೇಶವೆಲ್ಲ ಕೇಳಿದ ಆ ಏಕತೆಯ ಹಾಡಿನ ಮೊದಲ ದನಿ, ಅಭಂಗ, ದಾಸರ ಪದ. ನಾನು ಅಳುತ್ತಿದ್ದೆ. ಅಪ್ಪ ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಆ ಹೊತ್ತಿಗೆ ನಾನು ಯಾರೆಂಬುದೂ ಅವನಿಗೆ ಆಗೊಮ್ಮೆ ಈಗೊಮ್ಮೆ ಮಾತ್ರ ತಿಳಿಯುತ್ತಿತ್ತು. ಸ್ವಲ್ಪ ಹೊತ್ತು ಕೇಳಿ, "ಯಾರಿಂವ? ಛಲೋ ಹಾಡ್ತಾನಲ್ಲ" ಅಂದ.

ಏನು ಹೇಳಬೇಕೋ ತೋಚಲಿಲ್ಲ. "ಜೋಶಿ ಮಾಸ್ತರ್ ಮಗ ಅಪ್ಪಾ" ಅಂದೆ.

ಅಪ್ಪನ ಮುಖ ಒಮ್ಮೆಲೇ ಚುರುಕಾಯಿತು. ಟಿ.ವಿ.ಯನ್ನು ಇನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದ. "ಹಂಗಾದ್ರ ಸುಮ್ಮ ಯಾಕ ಕುಂತಿ? ಮನಿಗೆ ಮುಟ್ಟಿಸಿ ಬಾ ಅವನ್ನ. ಅವರಪ್ಪ ಹುಡಕ್ಯಾಡತಿರ್ತಾನ."

"ಹೂಂ ಅಪ್ಪಾ, ಮುಟ್ಟಿಸ್ತೀನಿ" ಅಂದೆ.

ಮುಂದಿನ ವರ್ಷದ ಮಳೆಗಾಲದಲ್ಲಿ ಅಪ್ಪನೂ ಹೋದ. ಅಂಗಿಗಳನ್ನೆಲ್ಲ ಕೊಟ್ಟುಬಿಟ್ಟೆವು, ಒಂದನ್ನು ಇಟ್ಟುಕೊಂಡಿದ್ದೇನೆ. ಘೋಟಿಯ ಹೋಟೆಲಿನ ಆ ಹಿರಿಯರೂ ಊರಿಗೆ ಹೋಗಿ ನೆಲೆಸಿದರು, ಈಗ ಗಲ್ಲಾದಲ್ಲಿ ಅವರ ಅಣ್ಣನ ಮಗ. ಅವರಿಗೆ ಈ ಕತೆ ಗೊತ್ತಿಲ್ಲ, ನಾನೂ ಹೇಳಿಲ್ಲ. ಚಹಾ ಕುಡಿದು, ಹಾಡು ಮುಗಿಯುವ ತನಕ ಕೂತು, ದುಡ್ಡು ಕೊಟ್ಟು ಏಳುತ್ತೇನೆ. ಮೊನ್ನೆ ಮಗನೂ ಅವಸರ ಮಾಡಲಿಲ್ಲ. ವಾಪಸ್ ಬರುವಾಗಲೂ ಹಳೇ ರಸ್ತೆಯಲ್ಲೇ ಬರೋಣ ಅಂದ.